ಬಾಗಿಲ ಒಳಹಲಗೆ ಬಿಚ್ಚದೆ ಬಣ್ಣ ಬಳಿಯಬೇಡಿ

ಮಳೆಗಾಲ ಮುಗಿದು ನವರಾತ್ರಿ ಸಮೀಪಿಸಿತೆಂದರೆ, ಮುಂಬಯಿ ಕನ್ನಡಿಗರ ಪೈಕಿ ಹಳೆಯ ಕಾರನ್ನು ಉಳಿಸಿಕೊಂಡಿರುವ ಮನೆಗಳಲ್ಲಿ ಒಂದು ವಿಶೇಷ ಸಂಭ್ರಮ ಆರಂಭವಾಗುತ್ತದೆ. ತಂದೆಯ ಕಾಲದ ಫಿಯಟ್ಟೋ ಅಂಬಾಸಡರೋ ಸೊಸೈಟಿಯ ಮೂಲೆಯಿಂದ ಹೊರಬಿದ್ದು, ಆಯುಧಪೂಜೆಯೊಳಗೆ ಹೊಸ ಬಣ್ಣ ತೊಟ್ಟು ಬರಲೆಂದು ಗ್ಯಾರೇಜಿಗೆ ಹೋಗುತ್ತದೆ. ಹತ್ತು ಹದಿನೈದು ದಿನಗಳಲ್ಲಿ ಕನ್ನಡಿಯಂತೆ ಹೊಳೆಯುತ್ತ ಹಿಂತಿರುಗುತ್ತದೆ. ಚಕ್ರದಡಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವಿನ ಹಾರ, ಅಕ್ಕಪಕ್ಕದವರಿಗೆ ಸಿಹಿ. ಇದಕ್ಕೆ ಯಾರೂ ಆಕ್ಷೇಪಿಸಬೇಕಾದ್ದಿಲ್ಲ. ನನ್ನ ಆಕ್ಷೇಪಣೆ ಇರುವುದು ಬೇರೊಂದು ಸಂಗತಿಗೆ. ಬಣ್ಣಕ್ಕೆಂದು ಹಣ ಎಣಿಸಿಕೊಟ್ಟ ಈ ಮಹನೀಯರಲ್ಲಿ, ಅದಕ್ಕೆ ಮೊದಲು ಕಾರಿನ ನಾಲ್ಕು ಬಾಗಿಲುಗಳಲ್ಲಿ ಒಂದರದಾದರೂ ಒಳಹಲಗೆಯನ್ನು ಬಿಚ್ಚಿಸಿ ನೋಡಿದವರು ಎಷ್ಟು ಮಂದಿ? ನಾನು ವಿಚಾರಿಸಿದ ಮಟ್ಟಿಗೆ ಒಬ್ಬರೂ ಇಲ್ಲ.

ನೋಡದೆ ಬಳಿದ ಬಣ್ಣ ಬಣ್ಣವಲ್ಲ. ಕೊಳೆಯುತ್ತಿರುವ ತಗಡಿಗೆ ಹೊದಿಸಿದ ಶಾಲು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ಹಳೆಯ ಕಾರಿನ ಬಾಗಿಲಿಗೆ ಅನ್ವಯಿಸುವಷ್ಟು ಅಕ್ಷರಶಃ ಬೇರೆಲ್ಲೂ ಅನ್ವಯಿಸದು. ಆದ್ದರಿಂದ ನನ್ನ ವಾದವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹಳೆಯ ಕಾರನ್ನು ಉಳಿಸಬೇಕೆಂಬ ಮನಸ್ಸು ನಿಜವಾಗಿ ಇದ್ದವರು, ಬಣ್ಣ, ಕ್ರೋಮಿಯಂ, ಸೀಟಿನ ಹೊದಿಕೆ ಇವೆಲ್ಲಕ್ಕೂ ಮೊದಲು ಬಾಗಿಲುಗಳ ಒಳಹಲಗೆಯನ್ನು ಬಿಚ್ಚಬೇಕು. ತಾವೇ ಬಿಚ್ಚಬೇಕು, ಸಾಧ್ಯವೇ ಇಲ್ಲವಾದರೆ ತಮ್ಮ ಕಣ್ಣೆದುರಿಗೆ ಬಿಚ್ಚಿಸಬೇಕು. ಇದನ್ನು ಮಾಡದವರು ತಮ್ಮ ಕಾರು ಪ್ರೀತಿಯ ಬಗ್ಗೆ ಮಾತಾಡದಿರುವುದೇ ಲೇಸು.

ಮಾತು ಕಟುವಾಯಿತೆಂದು ಬೇಸರಿಸಬೇಡಿ. ಈ ಗಾಡಿಗಳು ನಮ್ಮ ಮನೆಗಳಿಗೆ ಬಂದ ಬಗೆಯನ್ನು ಒಮ್ಮೆ ನೆನೆಯಿರಿ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ೧೯೬೪ರಲ್ಲಿ ಫಿಯಟ್ ೧೧೦೦ ಡಿಲೈಟ್ ಹೊರಬಂತು. ಅದೇ ಗಾಡಿ ೧೯೭೪ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಬಂಗಾಳದ ಉತ್ತರಪಾಡಾದಲ್ಲಿ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ತಯಾರಾದ ಅಂಬಾಸಡರ್ ೨೦೧೪ರವರೆಗೂ ಬರುತ್ತಿತ್ತು. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂರನೆಯದು. ಲೈಸೆನ್ಸು, ಪರ್ಮಿಟ್ಟುಗಳ ಆ ದಿನಗಳಲ್ಲಿ ಮುಂಗಡ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಒಂದು ಫಿಯಟ್ ಮನೆಗೆ ಬರುತ್ತಿತ್ತು. ಊರು ಬಿಟ್ಟು ಬಂದು, ಚಾಳಿನ ಒಂದು ಕೋಣೆಯಿಂದ ಸಂಸಾರ ಆರಂಭಿಸಿದ ನಮ್ಮ ಹಿಂದಿನ ತಲೆಮಾರಿನವರಿಗೆ ಆ ಕಾರು ಎಂದರೆ ಈ ಮಹಾನಗರದಲ್ಲಿ ಬೇರುಬಿಟ್ಟ ಗುರುತು. ಬೇಸಗೆ ರಜೆಯಲ್ಲಿ ಆರು ಮಂದಿ ಅದರಲ್ಲಿ ತುರುಕಿಕೊಂಡು ಘಟ್ಟ ಇಳಿದು ಹತ್ತಿ ಊರಿಗೆ ಹೋದ ನೆನಪು ಎಷ್ಟೋ ಮನೆಗಳಲ್ಲಿದೆ.

೨೦೨೩ರ ಅಕ್ಟೋಬರ್ ಕೊನೆಯಲ್ಲಿ, ೨೦೦೩ರಲ್ಲಿ ನೋಂದಣಿಯಾಗಿದ್ದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಮಿತಿ ಮುಗಿಸಿ ಮುಂಬಯಿಯ ರಸ್ತೆಯಿಂದ ನಿವೃತ್ತವಾದಾಗ ನಮ್ಮವರೂ ಕಣ್ಣೀರು ಸುರಿಸಿದರು, ಲೇಖನ ಬರೆದರು. ಅದೇ ಜನರ ಸ್ವಂತ ಪದ್ಮಿನಿಯ ಬಾಗಿಲ ತಳದಲ್ಲಿ ಆ ವರ್ಷದ ಮಳೆಯ ನೀರು ಇನ್ನೂ ನಿಂತಿತ್ತು! ಟ್ಯಾಕ್ಸಿಯನ್ನು ಸರ್ಕಾರದ ನಿಯಮ ಮುಗಿಸಿತು. ಮನೆಯ ಕಾರನ್ನು ಮುಗಿಸುತ್ತಿರುವವರು ಯಾರು?

ಬಾಗಿಲೊಳಗೆ ನೀರು ಬರುವುದು ಹೇಗೆ, ಬಂದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಇಲ್ಲಿಯೇ ನಮ್ಮವರ ತಿಳಿವಳಿಕೆ ತಲೆಕೆಳಗಾಗಿರುವುದು. ಕಾರಿನ ಬಾಗಿಲೆಂದರೆ ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು ಎರಡು ತಗಡುಗಳು ಅಂಚಿನಲ್ಲಿ ಮಡಿಚಿ ಕೂಡಿಕೊಂಡಿವೆ. ನಡುವಿನ ಟೊಳ್ಳಿನಲ್ಲಿ ಗಾಜು ಇಳಿಯುತ್ತದೆ. ಅದನ್ನು ಏರಿಸಿ ಇಳಿಸುವ ಯಂತ್ರ, ಅಂದರೆ ಗ್ಯಾರೇಜಿನವರು ಗ್ಲಾಸ್ ಮಶೀನ್ ಎನ್ನುವುದು, ಮತ್ತು ಲಾಕಿನ ಕಡ್ಡಿಗಳು ಇರುತ್ತವೆ. ಒಳ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ಕಿಂಡಿಗಳಿವೆ. ಈ ಕಿಂಡಿಗಳನ್ನು ಮರೆಮಾಡಿ ಕೂತಿರುವುದೇ ಒಳಹಲಗೆ. ಹಳೆಯ ಗಾಡಿಗಳಲ್ಲಿ ಅದು ಹಾರ್ಡ್‌ಬೋರ್ಡು. ಮೇಲೆ ರೆಕ್ಸಿನ್ ಹೊದಿಕೆ. ಗ್ಯಾರೇಜಿನಲ್ಲಿ ಅದಕ್ಕೆ ಡೋರ್ ಪ್ಯಾಡ್ ಎನ್ನುತ್ತಾರೆ.

ಗಾಜು ಮೇಲೆ ಕೆಳಗೆ ಓಡಾಡಬೇಕಾದರೆ ಬಾಗಿಲ ನೆತ್ತಿಯಲ್ಲಿ ಉದ್ದಕ್ಕೂ ಸೀಳು ಇರಲೇಬೇಕು. ಆ ಸೀಳಿಗೆ ರಬ್ಬರಿನ ಬೀಡಿಂಗ್ ಇದ್ದರೂ ಗಾಜಿನ ಮೇಲೆ ಹರಿದ ಮಳೆನೀರಿನ ಒಂದು ಪಾಲು ಒಳಗಿಳಿದೇ ಇಳಿಯುತ್ತದೆ. ಹೊಸ ಕಾರಿನಲ್ಲೂ ಇಳಿಯುತ್ತದೆ. ಇದು ದೋಷವಲ್ಲ, ಬಾಗಿಲನ್ನು ರಚಿಸಿದ್ದೇ ಒಳಗೆ ನೆನೆಯುವಂತೆ. ಹಂಚಿನ ಮನೆ ಕಟ್ಟುವವನು ಮಳೆಯನ್ನು ತಡೆದು ನಿಲ್ಲಿಸುವುದಿಲ್ಲ, ಹರಿದು ಹೋಗಲು ದಾರಿ ಮಾಡುತ್ತಾನೆ. ಬಾಗಿಲಿನಲ್ಲಿಯೂ ಹಾಗೆಯೇ. ಒಳಗಿಳಿದ ನೀರು ತಳದಲ್ಲಿರುವ ಸಣ್ಣ ರಂಧ್ರಗಳ ಮೂಲಕ ಹೊರಗೆ ಬೀಳಬೇಕು. ಅದು ಹಾರ್ಡ್‌ಬೋರ್ಡಿಗೆ ತಗಲದಂತೆ ಹಲಗೆಯ ಹಿಂದೆ ನೀರು ತಡೆಯುವ ಒಂದು ಪದರವಿರಬೇಕು. ಹಳೆಯ ಗಾಡಿಗಳಿಗೆ ಮೇಣವನ್ನೋ ಡಾಂಬರನ್ನೋ ಸವರಿದ ಕಾಗದ, ಅನಂತರದವುಗಳಿಗೆ ಪ್ಲಾಸ್ಟಿಕ್ ಹಾಳೆ. ಕೆಳಗೆ ತೆರೆದ ರಂಧ್ರ, ಹಿಂದೆ ಹರಿಯದ ಹಾಳೆ: ಬಾಗಿಲಿನ ಆಯುಷ್ಯ ನಿಂತಿರುವುದು ಇವೆರಡರ ಮೇಲೆ. ಎರಡೂ ಹೊರಗಿನಿಂದ ನಿಂತವನ ಕಣ್ಣಿಗೆ ಬೀಳುವುದಿಲ್ಲ.

ವರ್ಷಕ್ಕೆ ೨,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಯಲ್ಲೇ ಸಮುದ್ರದ ಉಪ್ಪಿರುವ ಈ ಊರಿನಲ್ಲಿ ಆ ರಂಧ್ರಗಳು ಧೂಳು, ಎಲೆಚೂರು, ರಬ್ಬರಿನ ಪುಡಿ ಕೂಡಿ ಕಟ್ಟಿಕೊಳ್ಳುತ್ತವೆ. ಕೆಲವೊಮ್ಮೆ ತುಕ್ಕು ಹಿಡಿಯದಿರಲೆಂದು ಹಣ ಕೊಟ್ಟು ಬಳಿಸಿದ ತಳದ ಕಪ್ಪು ಲೇಪನವೇ ಅವನ್ನು ಮುಚ್ಚಿಬಿಡುತ್ತದೆ. ಆಮೇಲೆ ನೀರು ಎರಡು ತಗಡುಗಳ ಮಡಿಕೆಯಲ್ಲಿ ನಿಲ್ಲುತ್ತದೆ. ಕಬ್ಬಿಣ, ನೀರು, ಗಾಳಿ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ಇದು ಹೈಸ್ಕೂಲಿನ ಪಾಠ. ಕಬ್ಬಿಣಕ್ಕಿಂತ ತುಕ್ಕಿಗೆ ಹೆಚ್ಚು ಜಾಗ ಬೇಕು. ಅದು ಉಬ್ಬಿ ಮಡಿಕೆಯನ್ನು ಬಿರಿಸುತ್ತ, ಒಳಗಿನಿಂದ ಹೊರಕ್ಕೆ ತಗಡನ್ನು ತಿನ್ನುತ್ತ ಬರುತ್ತದೆ. ಬಾಗಿಲ ಕೆಳಅಂಚಿನ ಬಣ್ಣದಲ್ಲಿ ನಿಮಗೆ ಕಾಳಿನಷ್ಟು ಗುಳ್ಳೆ ಕಾಣಿಸಿದ ದಿನ, ರೋಗ ಆರಂಭವಾದ ದಿನವಲ್ಲ. ಅದು ತಗಡನ್ನು ದಾಟಿ ಹೊರಬಂದ ದಿನ.

ಆಗ ನಾವು ಮಾಡುವುದೇನು? ಗ್ಯಾರೇಜಿಗೆ ಒಯ್ಯುತ್ತೇವೆ. ಅಲ್ಲಿ ಗುಳ್ಳೆಯನ್ನು ಉಜ್ಜಿ, ತೂತು ಬಿದ್ದ ಕಡೆ ಪುಟ್ಟಿ ತುಂಬಿ, ಮರಳುಕಾಗದದಿಂದ ನುಣುಪು ಮಾಡಿ, ಮೇಲೆ ಬಣ್ಣ ಹೊಡೆಯುತ್ತಾರೆ. ಇಲ್ಲಿ ಡೆಂಟಿಂಗ್-ಪೇಂಟಿಂಗ್ ಎನ್ನುವ, ಬೆಂಗಳೂರಿನಲ್ಲಿ ಟಿಂಕರಿಂಗ್ ಎನ್ನುವ ಈ ಕೆಲಸ ಹೊರಗಿನಿಂದ ಎಷ್ಟು ಚೆನ್ನಾಗಿದ್ದರೇನು? ಒಳಗೆ ನೀರು ನಿಂತೇ ಇದೆ, ರಂಧ್ರ ಮುಚ್ಚಿಯೇ ಇದೆ. ಒಂದೆರಡು ಮಳೆಗಾಲದಲ್ಲಿ ಅದೇ ಜಾಗದಲ್ಲಿ ಗುಳ್ಳೆ ಮತ್ತೆ ಏಳುತ್ತದೆ; ಈ ಸಲ ರೂಪಾಯಿಯಗಲ. ಮೂರನೆಯ ಸಲ ಮನೆಯವರಿಗೆ ಬೇಸರ ಬರುತ್ತದೆ. "ಇದಕ್ಕೆ ಸುರಿದ ದುಡ್ಡಿನಲ್ಲಿ ಹೊಸ ಗಾಡಿಯೇ ಬರುತ್ತಿತ್ತು" ಎಂಬ ಮಾತು ಹುಟ್ಟುತ್ತದೆ. ಕೊನೆಗೊಂದು ದಿನ ಭಂಗಾರಿನವನು ಬಂದು ಚೈನು ಕಟ್ಟಿ ಎಳೆದುಕೊಂಡು ಹೋಗುತ್ತಾನೆ. ಎಂಜಿನ್ ಗಟ್ಟಿಮುಟ್ಟಾಗಿದ್ದೂ ಬಾಗಿಲು ಕೊಳೆತ ಕಾರಣಕ್ಕೇ ಗುಜರಿಗೆ ಹೋದ ಮೂರು ಕಾರುಗಳನ್ನು ನಮ್ಮ ಬಡಾವಣೆಯೊಂದರಲ್ಲೇ ನಾನು ಕಂಡಿದ್ದೇನೆ.

ಇನ್ನು ನನ್ನ ವಾದಕ್ಕೆ ಬರುವ ಎದುರುವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: "ಅದು ಮೆಕ್ಯಾನಿಕ್ಕಿನ ಕೆಲಸ, ದುಡ್ಡು ಕೊಡುತ್ತೇವೆ, ಅವನು ನೋಡಿಕೊಳ್ಳುತ್ತಾನೆ." ನೋಡಿಕೊಳ್ಳುವ ಬಗೆ ಹೇಗಿರುತ್ತದೆಂದು ಹೇಳುತ್ತೇನೆ, ಕೇಳಿ. ನಮ್ಮ ಮನೆಯ ಪದ್ಮಿನಿಯ ಹಿಂಬಾಗಿಲಿನ ಗಾಜು ಇಳಿಯದಾಯಿತೆಂದು ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಸಂಜೆ ಗಾಜೇನೋ ಇಳಿಯುತ್ತಿತ್ತು. ಆದರೆ ನಲವತ್ತು ವರ್ಷ ಅಲುಗದೆ ಕೂತಿದ್ದ ಹಲಗೆಯನ್ನು ಸ್ಕ್ರೂಡ್ರೈವರಿನಿಂದ ನಡುಮಧ್ಯಕ್ಕೇ ಮೀಟಿ, ಮೂಲೆ ಮುರಿದು, ಕ್ಲಿಪ್ಪುಗಳು ಹಿಡಿದಿದ್ದ ತೂತುಗಳನ್ನೆಲ್ಲ ಹರಿದು ಹಾಕಿದ್ದರು. ಹಿಂದಿನ ಕಾಗದವನ್ನು ಕಿತ್ತು ಕಸಕ್ಕೆ ಎಸೆದಿದ್ದರು. ಕ್ಲಿಪ್ಪು ನಿಲ್ಲದ ಕಾರಣ ರೆಕ್ಸಿನ್ನಿನ ಮೇಲಿಂದಲೇ ನಾಲ್ಕು ಸ್ಕ್ರೂ ಹೊಡೆದು ಹಲಗೆಯನ್ನು ಬಿಗಿದಿದ್ದರು! ಕೇಳಿದರೆ, "ಇದು ಹೀಗೇ ಸಾಹೇಬರೇ, ಹಳೇ ಗಾಡಿ" ಎಂಬ ಉತ್ತರ. ಮುಂದಿನ ಮಳೆಗಾಲದಲ್ಲಿ ಆ ಹಲಗೆ ನೆನೆದು ಹಪ್ಪಳದಂತೆ ಉಬ್ಬಿತು.

ಆದರೂ ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಸಿಗುವುದು ಗಾಜು ಇಳಿಸಿದ್ದಕ್ಕೆ ಕೂಲಿ, ಹಲಗೆ ಉಳಿಸಿದ್ದಕ್ಕಲ್ಲ. ಸಂಜೆಯೊಳಗೆ ಬೇಕೆಂದು ಅವಸರ ಮಾಡುವವರು ನಾವು. ಎರಡು ಗಂಟೆ ಹೆಚ್ಚು ಕೆಲಸ ಮಾಡಿದೆನೆಂದು ಅವನು ಇನ್ನೂರು ರೂಪಾಯಿ ಹೆಚ್ಚಿಗೆ ಕೇಳಿದರೆ ಮುಖ ಸಿಂಡರಿಸುವವರೂ ನಾವೇ. ಮಾಲಿಕನಿಗೇ ಗೊತ್ತಿಲ್ಲದ ವಸ್ತುವನ್ನು ಕೂಲಿಯಾಳು ಏಕೆ ಜೋಪಾನ ಮಾಡಬೇಕು? ಹಲಗೆಯ ಹಿಂದೆ ಕಾಗದವಿದೆ ಎಂದು ತಿಳಿದ ಮಾಲಿಕ ಎದುರಿಗೆ ನಿಂತಿದ್ದರೆ ಅದನ್ನು ಹರಿದೆಸೆಯುವ ಧೈರ್ಯ ಯಾವ ಮೆಕ್ಯಾನಿಕ್ಕಿಗೂ ಬಾರದು.

ಎರಡನೆಯದು: "ಹಳೆಯದು, ಮುಟ್ಟಿದರೆ ಮುರಿದೀತು, ಇದ್ದ ಹಾಗೆ ಇರಲಿ." ಇದು ಭಕ್ತಿಯಂತೆ ಕಾಣುವ ಸೋಮಾರಿತನ. ಒಳಹಲಗೆಯನ್ನು ಕಾರ್ಖಾನೆಯವರು ಅಂಟಿಸಿಲ್ಲ, ಬೆಸುಗೆ ಹಾಕಿಲ್ಲ. ಬಿಚ್ಚುವುದಕ್ಕೆಂದೇ ಕ್ಲಿಪ್ಪುಗಳಲ್ಲಿ ಕೂರಿಸಿದ್ದಾರೆ. ಬಿಚ್ಚುವ ಕ್ರಮ ಗೊತ್ತಿದ್ದರೆ ಮುರಿಯುವ ಭಯವಿಲ್ಲ. ಆ ಕ್ರಮವೂ ಬ್ರಹ್ಮವಿದ್ಯೆಯಲ್ಲ.

ಮೊದಲು ಗಾಜನ್ನು ಪೂರ್ತಿ ಮೇಲೇರಿಸಿ, ಆಗ ಹಿಡಿಕೆ ಯಾವ ದಿಕ್ಕಿಗೆ ನಿಂತಿದೆ ಎಂದು ಗುರುತಿಟ್ಟುಕೊಳ್ಳಬೇಕು. ಗಾಜು ಏರಿಸುವ ಹಿಡಿಕೆ, ಬಾಗಿಲು ತೆರೆಯುವ ಒಳಹಿಡಿಕೆ, ಕೈ ಊರುವ ಆಸರೆ ಇವು ಮೂರನ್ನು ತೆಗೆದ ಮೇಲೆಯೇ ಹಲಗೆಗೆ ಕೈ ಹಾಕಬೇಕು. ಹಿಡಿಕೆಗಳನ್ನು ಹಿಡಿದಿಟ್ಟಿರುವ ಬಗೆ ಗಾಡಿಗೊಂದು ರೀತಿ. ಕೆಲವಕ್ಕೆ ನಡುವೆ ಮುಚ್ಚಳದಡಿ ಸ್ಕ್ರೂ ಇರುತ್ತದೆ. ಕೆಲವಕ್ಕೆ ಹಿಂದಿನ ಬಿಲ್ಲೆಯನ್ನು ಸ್ಪ್ರಿಂಗಿನ ವಿರುದ್ಧ ಒತ್ತಿದರೆ ಅಡ್ಡಲಾಗಿ ತೂರಿದ ಸಣ್ಣ ಪಿನ್ನು ಕಾಣುತ್ತದೆ. ಅದನ್ನು ಮೊಳೆಯ ತುದಿಯಿಂದ ತಳ್ಳಬೇಕು. ಇನ್ನು ಕೆಲವಕ್ಕೆ ಕುದುರೆಲಾಳದ ಆಕಾರದ ತಂತಿ ಕ್ಲಿಪ್ಪು. ಹಿಡಿಕೆ ಮತ್ತು ಬಿಲ್ಲೆಯ ನಡುವೆ ಬಟ್ಟೆಯ ಪಟ್ಟಿ ತೂರಿಸಿ ಆಚೀಚೆ ಎಳೆದರೆ ಹಾರಿ ಬೀಳುತ್ತದೆ. ಹಾರಿ ಬಿದ್ದದ್ದು ಕಳೆದುಹೋಗದಂತೆ ಕೆಳಗೊಂದು ಪಂಚೆ ಹಾಸಿಕೊಳ್ಳಿ. ಯಾವುದೆಂದು ತಿಳಿಯುವ ಮೊದಲು ಬಲ ಪ್ರಯೋಗಿಸಲೇ ಕೂಡದು.

ಅನಂತರ ಹಲಗೆ. ಕೆಳಗಿನ ಮೂಲೆಯಿಂದ ಆರಂಭಿಸಿ. ಅಗಲವಾದ, ತೆಳುವಾದ, ಚೂಪಿಲ್ಲದ ಪಟ್ಟಿ ಬೇಕು. ಬಟ್ಟೆ ಸುತ್ತಿದ ಹಳೆಯ ದೋಸೆ ಮಗುಚುವ ಕೈ ಆದರೂ ಆದೀತು. ಮನೆಯವರ ಅಪ್ಪಣೆ ಪಡೆದು ತೆಗೆದುಕೊಳ್ಳಿ! ಅದನ್ನು ಹಲಗೆಗೂ ತಗಡಿಗೂ ನಡುವೆ ತೂರಿಸಿ, ಕ್ಲಿಪ್ಪು ಎಲ್ಲಿದೆ ಎಂದು ತಡವಿ ನೋಡಿ, ಕ್ಲಿಪ್ಪಿನ ಪಕ್ಕದಲ್ಲೇ ಮೀಟಬೇಕು. ಎರಡು ಕ್ಲಿಪ್ಪುಗಳ ನಡುವೆ ಮೀಟಿದರೆ ಹಾರ್ಡ್‌ಬೋರ್ಡು ಬಾಗಿ ಸೀಳುತ್ತದೆ. ಮುರಿಯುವುದೆಲ್ಲ ಇಲ್ಲಿಯೇ. ಒಂದೊಂದಾಗಿ ಸುತ್ತ ಬಿಡಿಸಿಕೊಂಡು ಬಂದರೆ ಹಲಗೆ ತಾನಾಗಿ ಕೈಗೆ ಬರುತ್ತದೆ. ಹಿಂದಿನ ಕಾಗದವನ್ನು ಅಂಚಿನಿಂದ ನಿಧಾನವಾಗಿ ಬಿಡಿಸಿ. ಹರಿದಿದ್ದರೂ ಎಸೆಯಬೇಡಿ, ಹೊಸ ಹಾಳೆ ಕತ್ತರಿಸಲು ಅದೇ ಅಳತೆ. ಮೊದಲ ಸಲ ಒಂದು ಬಾಗಿಲಿಗೆ ಒಂದು ಬೆಳಗಾದೀತು. ನಾಲ್ಕನೆಯದಕ್ಕೆ ಅರ್ಧ ಗಂಟೆ ಸಾಕು.

ಒಳಗೆ ಕೈ ಹಾಕುವ ಮುನ್ನ ಎರಡು ಎಚ್ಚರಿಕೆ. ತಗಡಿನ ಅಂಚು ಚಾಕುವಿನಂತಿರುತ್ತದೆ. ದಪ್ಪ ಕೈಚೀಲ ಹಾಕಿಕೊಳ್ಳಿ. ಗಾಜಿನ ಯಂತ್ರದ ತಿರುಪುಗಳನ್ನು ಸಡಿಲಿಸುವುದಾದರೆ, ಮೊದಲು ಗಾಜನ್ನು ಮರದ ಬೆಣೆ ಕೊಟ್ಟು ನಿಲ್ಲಿಸಿ. ಇಲ್ಲವಾದರೆ ಅದು ಗರಗಸದಂತೆ ನಿಮ್ಮ ಮುಂಗೈ ಮೇಲೆ ಇಳಿದೀತು. ಆಮೇಲೆ ಬ್ಯಾಟರಿ ದೀಪ ಹಿಡಿದು ತಳವನ್ನು ನೋಡಿ. ಅಲ್ಲಿ ಕಾಣುವ ಕೆಸರು, ತುಕ್ಕಿನ ಹಕ್ಕಳೆ, ಯಾವಾಗಲೋ ಬಿದ್ದ ನಾಣ್ಯ, ಮಗುವಿನ ಆಟಿಕೆ ಎಲ್ಲವನ್ನೂ ತೆಗೆದು, ತಂತಿಯಿಂದ ರಂಧ್ರಗಳನ್ನು ಬಿಡಿಸಿ, ಒಂದು ಚೊಂಬು ನೀರು ಹೊಯ್ಯಿರಿ. ನೀರು ಕೆಳಗೆ ಸುರಿದರೆ ನಿಮ್ಮ ಬಾಗಿಲು ಬದುಕಿತು. ಒಣಗಿದ ಮೇಲೆ ತಂತಿಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮಡಿಕೆಗಳಿಗೆ ಮೇಣದ ಲೇಪನ ಕೊಡಿ. ಯಂತ್ರದ ಹಲ್ಲುಗಳಿಗೆ ಗ್ರೀಸು, ಲಾಕಿಗೆ ಎರಡು ಹನಿ ಎಣ್ಣೆ. ಲಾಕನ್ನು ಬಾಗಿಲು ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಒತ್ತಿ ಪರೀಕ್ಷಿಸಿ. ಮುಚ್ಚಿ ಪರೀಕ್ಷಿಸಿದಾಗ ಕಡ್ಡಿ ಕಳಚಿಕೊಂಡರೆ ಬಾಗಿಲು ತೆರೆಯುವುದೇ ಪ್ರಯಾಸ.

ಜೋಡಿಸುವಾಗ ಮರೆಯಬಾರದ್ದು ಒಂದೇ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಅಂಟಿಸಿ, ಅದರ ಕೆಳಅಂಚನ್ನು ಮಾತ್ರ ಒಳ ತಗಡಿನ ಕಿಂಡಿಯೊಳಕ್ಕೆ ಇಳಿಬಿಡಬೇಕು. ಹಾಳೆಯ ಮೇಲೆ ಇಳಿದ ಹನಿ ಬಾಗಿಲ ಹೊಟ್ಟೆಯೊಳಗೇ ಬಿದ್ದು ರಂಧ್ರದಿಂದ ಹೊರಹೋಗುತ್ತದೆ. ಅಂಚು ಹೊರಗುಳಿದರೆ ಅದೇ ಹನಿ ಹಲಗೆಗೂ ಕಾಲಡಿಯ ಜಮಖಾನಕ್ಕೂ ಇಳಿಯುತ್ತದೆ. ಹಲಗೆಯ ಹಿಂಬದಿಗೂ ಅಂಚಿಗೂ ಒಂದು ಕೈ ವಾರ್ನಿಷ್ ಹೊಡೆದುಬಿಟ್ಟರೆ ಇನ್ನೂ ಒಳ್ಳೆಯದು.

ಮೂರನೆಯದು: "ಬಿಡಿಭಾಗ ಸಿಗುವುದಿಲ್ಲ." ಈ ಮಾತು ಹೇಳುವವರು ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಇಲ್ಲಿ ಒಪೇರಾ ಹೌಸ್ ಮತ್ತು ಕುರ್ಲಾ, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಚೆನ್ನೈಯಲ್ಲಿ ಪುದುಪೇಟೆ, ದೆಹಲಿಯಲ್ಲಿ ಕಾಶ್ಮೀರಿ ಗೇಟ್; ಅರ್ಧ ದಿನ ಸುತ್ತಿದರೆ ಹೊಂದುವ ಕ್ಲಿಪ್ಪು, ಬೀಡಿಂಗು, ಚಾನಲ್ ರಬ್ಬರು ಸಿಗುವ ಸಂಭವವೇ ಹೆಚ್ಚು. ಹಳೆಯ ಕ್ಲಿಪ್ಪೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿ. ಹಲಗೆ ಪೂರ್ತಿ ಹಾಳಾಗಿದ್ದರೂ ಚಿಂತೆಯಿಲ್ಲ. ಹಳೆಯದನ್ನು ಅಚ್ಚಾಗಿಟ್ಟು ಹೊಸ ಹಾರ್ಡ್‌ಬೋರ್ಡನ್ನು ಯಾವ ಬಡಗಿಯಾದರೂ ಕತ್ತರಿಸಿಕೊಟ್ಟಾನು; ಸೀಟು ಹೊಲಿಯುವವನು ಹಳೆಯ ರೆಕ್ಸಿನ್ನನ್ನೇ ಅದಕ್ಕೆ ಏರಿಸಿಕೊಟ್ಟಾನು. ಆದರೆ ಅಚ್ಚಿಗೆ ಹಳೆಯ ಹಲಗೆ ಬೇಕಲ್ಲ? ಅದನ್ನು ಚೂರುಚೂರು ಮಾಡಿಸಿ ಎಸೆದ ಮೇಲೆ ಸಿಗುವುದಿಲ್ಲ, ನಿಜ.

ನಾಲ್ಕನೆಯದು ವ್ಯವಹಾರಸ್ಥರ ವಾದ: "ಈ ಹಳೆಯ ಡಬ್ಬಿಗೆ ಇಷ್ಟೇಕೆ? ಸರ್ಕಾರವೇ ಬೇಡವೆನ್ನುತ್ತಿದೆ." ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ ೨೦೨೨ರ ಏಪ್ರಿಲ್‌ನಿಂದ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿತು, ಇಪ್ಪತ್ತು ವರ್ಷ ಮೀರಿದವುಗಳಿಗೆ ೨೦೨೫ರಲ್ಲಿ ೧೦,೦೦೦ ಆಯಿತು. ಒಪ್ಪಿದೆ. ಆದರೆ ಅಷ್ಟು ಹಣ ತೆತ್ತು ಉಳಿಸಿಕೊಳ್ಳುವ ಗಾಡಿಯ ಬಾಗಿಲನ್ನು ಕೊಳೆಯಲು ಬಿಡುವುದು ಯಾವ ಲೆಕ್ಕಾಚಾರ? ಶುಲ್ಕ ಏರಿದಷ್ಟೂ ಒಳಗನ್ನು ನೋಡಿಕೊಳ್ಳುವ ಕಾರಣ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಇನ್ನೊಂದನ್ನೂ ಗಮನಿಸಿ. ೨೦೨೧ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಹೆಚ್ಚಿನ ಬದಲಾವಣೆಯಾಗದ ಖಾಸಗಿ ವಾಹನವನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಬಹುದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ದಿನನಿತ್ಯದ ಓಡಾಟಕ್ಕೆ ಅಂಥ ಗಾಡಿಯನ್ನು ಬಳಸುವಂತಿಲ್ಲ ಎಂಬುದೂ ನಿಯಮದಲ್ಲಿದೆ. ೧೯೭೪ರಲ್ಲಿ ನೋಂದಣಿಯಾದ ಮೊದಲ ಪದ್ಮಿನಿಗಳಿಗೆ ೨೦೨೪ರಲ್ಲಿಯೇ ಐವತ್ತು ತುಂಬಿತು. ಮೂಲರೂಪಕ್ಕೆ ಬೆಲೆ ಬಂದಿರುವ ಕಾಲವಿದು. ಮೂಲ ಬಾಗಿಲು, ಮೂಲ ಹಲಗೆ ಉಳಿದ ಗಾಡಿಗೂ, ಪುಟ್ಟಿ ಮತ್ತು ಪ್ಲೈವುಡ್ಡಿನಲ್ಲಿ ನಿಂತ ಗಾಡಿಗೂ ವ್ಯತ್ಯಾಸ ಗುರುತಿಸಲಾರದಷ್ಟು ಕೊಳ್ಳುವವರು ದಡ್ಡರಲ್ಲ. ತಿಳಿದವನು ಬಣ್ಣ ನೋಡುವ ಮೊದಲು ಬಾಗಿಲ ತಳವನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ.

ಕೊನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲಕ್ಕೂ ಬುಡ ಅದೇ. "ಓದಿದವರು ನಾವು, ಕೈಗೆ ಗ್ರೀಸು ಮೆತ್ತಿಕೊಂಡು ಕೂರುವುದೇ? ನೆರೆಯವರು ಏನೆಂದಾರು?" ಈ ರೋಗಕ್ಕೆ ಮದ್ದು ಹೇಳುವುದು ಕಷ್ಟ. ನಾನೂ ಬಿ.ಎಸ್‌ಸಿ. ಓದಿ ಫೈಲುಗಳ ನಡುವೆ ಗುಮಾಸ್ತಗಿರಿ ಮಾಡುವವನೇ. ನಮ್ಮಂಥವರು ತುಕ್ಕಿನ ಸಮೀಕರಣವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದೆವು. ನಮ್ಮದೇ ಬಾಗಿಲಿನಲ್ಲಿ ಆ ಸಮೀಕರಣ ನಡೆಯುತ್ತಿರುವುದನ್ನು ನೋಡಲು ಮಾತ್ರ ನಾಚಿಕೆ! ಬಸವ ಜಯಂತಿಯ ದಿನ ಸಂಘದ ವೇದಿಕೆಯಲ್ಲಿ ಕಾಯಕದ ಮಹಿಮೆಯನ್ನು ಕುರಿತು ಗಂಟೆಗಟ್ಟಲೆ ಭಾಷಣ ಮಾಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ವರ್ಷಕ್ಕೊಮ್ಮೆ ಸ್ಪ್ಯಾನರಿಗೂ ಸ್ಕ್ರೂಡ್ರೈವರಿಗೂ ಕುಂಕುಮವಿಟ್ಟು ಆರತಿ ಎತ್ತುತ್ತೇವೆ. ಮಗ ಅದೇ ಸ್ಕ್ರೂಡ್ರೈವರನ್ನು ಕೈಗೆ ತೆಗೆದುಕೊಂಡರೆ, "ಓದಿಕೋ ಹೋಗು, ಅದೆಲ್ಲ ನಿನಗೇಕೆ?" ಎನ್ನುತ್ತೇವೆ. ಇದಕ್ಕಿಂತ ದೊಡ್ಡ ಬೂಟಾಟಿಕೆ ಇನ್ನೊಂದುಂಟೆ?

ಹಾಗೆಂದು ಎಲ್ಲರೂ ಮೆಕ್ಯಾನಿಕ್ಕರಾಗಬೇಕು ಎಂದು ನಾನು ಹೇಳುತ್ತಿಲ್ಲ. ಎಂಜಿನ್ ಇಳಿಸುವುದು, ಗೇರು ಪೆಟ್ಟಿಗೆ ಬಿಚ್ಚುವುದು, ತಗಡಿಗೆ ಬೆಸುಗೆ ಹಾಕುವುದು ಕಸುಬುದಾರರ ಕೆಲಸ. ಅವರಿಗೆ ಮರ್ಯಾದೆಯಿಂದ ತಕ್ಕ ಕೂಲಿ ಕೊಟ್ಟು ಮಾಡಿಸಬೇಕು. ಆದರೆ ಒಳಹಲಗೆ ಬಿಚ್ಚುವುದು ಮನೆಯ ಯಜಮಾನನೂ, ಯಜಮಾನಿಯೂ, ಕಾಲೇಜು ಓದುವ ಮಕ್ಕಳೂ ಒಂದು ರವಿವಾರ ಕೂತು ಮಾಡಬಹುದಾದ ಕೆಲಸ. ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಅದಕ್ಕೆ ಬೇಕಾದದ್ದು ತಾಳ್ಮೆ. ಒಮ್ಮೆ ಬಿಚ್ಚಿ ನೋಡಿದವರನ್ನು ಯಾವ ಗ್ಯಾರೇಜಿನವರೂ ಸುಲಭವಾಗಿ ಏಮಾರಿಸಲಾರರು. ಎಲ್ಲಿ ಪುಟ್ಟಿ ಸಾಕು, ಎಲ್ಲಿ ತಗಡು ಬದಲಿಸಬೇಕು ಎಂದು ತಾವೇ ಬೆರಳಿಟ್ಟು ತೋರಿಸಬಲ್ಲರು.

ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ವಿನಂತಿ. ವರ್ಷವಿಡೀ ಸನ್ಮಾನಗಳು, ಶಾಲು ಹಾರಗಳು ನಡೆಯುತ್ತಲೇ ಇರುತ್ತವೆ, ನಡೆಯಲಿ. ಮಳೆ ನಿಂತ ಮೇಲೆ ಒಂದು ರವಿವಾರ ಬೆಳಿಗ್ಗೆ ಸಭಾಗೃಹದ ಅಂಗಳವನ್ನು ಹಳೆಯ ಕಾರುಗಳಿಗೆ ಬಿಟ್ಟುಕೊಡಿ. ನಮ್ಮ ಸದಸ್ಯರಲ್ಲಿಯೇ ಗ್ಯಾರೇಜು ನಡೆಸುವವರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು ಇದ್ದಾರೆ. ಅವರನ್ನು ಗುರುಗಳೆಂದು ಕೂರಿಸೋಣ. ಬಂದವರು ಒಂದೊಂದು ಬಾಗಿಲಿನ ಹಲಗೆ ಬಿಚ್ಚಲಿ, ರಂಧ್ರ ಬಿಡಿಸಲಿ, ಹಾಳೆ ಅಂಟಿಸಿ ಮತ್ತೆ ಜೋಡಿಸಲಿ. ಖರ್ಚು ಎಂದರೆ ಒಂದು ಸುರುಳಿ ಪ್ಲಾಸ್ಟಿಕ್, ಒಂದು ಡಬ್ಬಿ ಗ್ರೀಸು, ಎಲ್ಲರಿಗೂ ಉಪ್ಪಿಟ್ಟು ಕಾಫಿ. ಹೆಣ್ಣುಮಕ್ಕಳೂ ಬರಲಿ, ತಿರುಪು ತಿರುಗುವುದಕ್ಕೆ ಗಂಡು ಹೆಣ್ಣು ಎಂಬ ಭೇದ ಗೊತ್ತಿಲ್ಲ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಈ ಪತ್ರಿಕೆಯನ್ನು ಮಡಿಚಿಟ್ಟು ಕೆಳಗಿಳಿಯಿರಿ. ಬಾಗಿಲನ್ನು ಆಚೀಚೆ ಮೆಲ್ಲಗೆ ತೂಗಿ ಕಿವಿಗೊಡಿ. ಒಳಗೆ ನೀರು ಕುಲುಕಿದ ಸದ್ದು ಬಂದೀತು. ಒಳಹಲಗೆಯ ಕೆಳಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ನಿಮ್ಮ ಪುಣ್ಯ. ನೆನೆದ ಬಿಸ್ಕತ್ತಿನಂತೆ ಮೆತ್ತಗಿದ್ದರೆ, ಬಣ್ಣದವನಿಗೆ ಕೊಟ್ಟ ಮಾತನ್ನು ಈಗಲೇ ಹಿಂತೆಗೆದುಕೊಂಡು ಮೊದಲು ಒಂದು ಸ್ಕ್ರೂಡ್ರೈವರ್ ಹುಡುಕಿ.